ಉತ್ತರ ಯಾರಿಗೆ?

ಮಾರ್ಚ್ ೩
ನೀರು ಬಾರದ ದೂರುಗಳು ಹನ್ನೊಂದು. ಎಲ್ಲ ಮುಗಿಸಿ ನನ್ನದೇ ವರ್ಗಾವಣೆ ಅರ್ಜಿ ಸ್ಕ್ಯಾನರ್‌ನಲ್ಲಿಟ್ಟೆ. ಅಲ್ಲಿಂದಲೇ ಮುಖ್ಯ ಕಚೇರಿಗೆ ಮೇಲ್. ಅಕ್ಕನ ಊರಿನ ಶಾಖೆ ಕೇಳಿದ್ದೇನೆ. ಅವಳಿಗೀಗ ಮಾತ್ರೆಯ ಬಣ್ಣ ಕಾಣಿಸುವುದಿಲ್ಲ. ಬೆರಳಲ್ಲಿ ತಡವಿ, ಗುಂಡಗಿನದು ಬೆಳಿಗ್ಗೆ, ಉದ್ದದ್ದು ಸಂಜೆ...

ಮಾರ್ಚ್ ೧೭
ಉತ್ತರವಿಲ್ಲ. ಅಕ್ಕ ಫೋನಿನಲ್ಲಿ ವರ್ಗಾವಣೆಯ ಮಾತೆತ್ತುವುದನ್ನೇ ಬಿಟ್ಟಿದ್ದಾಳೆ. ಕೇಳಿದ್ದರೇ ವಾಸಿಯಿತ್ತು.

ಮಾರ್ಚ್ ೨೪
ಮೈ ಉರಿಯುತ್ತಿದೆ. ಮುಖ್ಯ ಕಚೇರಿಗೆ ಫೋನ್ ಮಾಡಿದೆ. ಅಲ್ಲಿನ ಗುಮಾಸ್ತೆ ತಣ್ಣಗೆ, "ಹತ್ತನೇ ತಾರೀಕೇ ಉತ್ತರ ಹೋಗಿದೆಯಲ್ಲ. ಒಪ್ಪಿಗೆ ಅಂತ ವಾಪಸ್ಸೂ ಬಂದಿದೆ. ಒಪ್ಪಿದವರ ಹೆಸರಿಗೆ ಆರ್ಡರ್ ಆಗ್ತಿದೆ" ಎಂದಳು.
ಒಪ್ಪಿದವರು ಯಾರು? ನಮ್ಮಲ್ಲೇ ನಕ್ಷೆ ವಿಭಾಗದಲ್ಲಿರುವ ಕುರ್ಚಿ ಸಾಹೇಬರು! ನಾಲ್ಕು ವರ್ಷದಿಂದ ಹೊಸ ಕುರ್ಚಿ ಕೇಳುತ್ತಿರುವುದಕ್ಕೆ ಆ ಹೆಸರು.

ಮಾರ್ಚ್ ೨೫
ಆದದ್ದಿಷ್ಟು. ಅಂದು ನನಗಿಂತ ಮೊದಲು ಕುರ್ಚಿಯ ಅರ್ಜಿ ಸ್ಕ್ಯಾನ್ ಮಾಡಿದ ಸಾಹೇಬರು ಸ್ಕ್ಯಾನರ್‌ನಿಂದ ಲಾಗೌಟ್ ಆಗಿರಲಿಲ್ಲ. ನನ್ನ ಮೇಲ್ ಹೋದದ್ದು ನಮ್ಮ ಕಚೇರಿಯ ಹೆಸರಲ್ಲಿ. ಉತ್ತರಕ್ಕೆ ಮಾತ್ರ ಯಂತ್ರ ಅವರ ವಿಳಾಸ ಅಂಟಿಸಿತ್ತು. ಮುಖ್ಯ ಕಚೇರಿಯ ಮೇಲ್ ಪ್ರೋಗ್ರಾಮು ಅದನ್ನು ತೋರಿಸಲೂ ಇಲ್ಲ. ಅಲ್ಲಿನವರು ರಿಪ್ಲೈ ಒತ್ತಿದರು, ಸಾಹೇಬರಿಗೆ ಹೋಯಿತು.
"ಕೋರಿಕೆ ಮಂಜೂರು, ಒಪ್ಪಿಗೆ ತಿಳಿಸಿ ಅಂತಿತ್ತು ಕಣಮ್ಮ. ಅಂತೂ ಕುರ್ಚಿ ಬಂತು ಅನ್ಕೊಂಡೆ." ಸಾಹೇಬರ ಮುಖ ನೋಡಲಾಗಲಿಲ್ಲ.
ಕಂಪ್ಯೂಟರ್ ವಿಭಾಗದವನ ಮೇಲೆ ಹರಿಹಾಯ್ದೆ. ಉತ್ತರ ಬೇರೆ ಕಡೆ ಹೋಗುತ್ತದೆ ಎಂದು ಒಂದು ಸಾಲು ತೋರಿಸಿದ್ದರೆ ಆ ಪ್ರೋಗ್ರಾಮಿನ ಗಂಟೇನು ಹೋಗುತ್ತಿತ್ತು?
"ಅದು ಸ್ಟ್ಯಾಂಡರ್ಡು ಮೇಡಂ. ಹೆಡರ್ ವಿಷಯ, ನಿಮಗೆ ಅರ್ಥ ಆಗಲ್ಲ."
ಅರ್ಥವಾಗುವುದಿಲ್ಲವಂತೆ! ಪತ್ರ ಬರೆದವರಿಗೇ ಉತ್ತರ ಹೋಗಬೇಕೆಂದು ಕನ್ನಡ ಮೀಡಿಯಮ್ಮಿನ ಎರಡನೇ ಕ್ಲಾಸಿಗೇ ಗೊತ್ತು.
ಅರ್ಜಿ ನನ್ನದು, ಮರ್ಜಿ ಯಂತ್ರದ್ದು;
ಊರು ಅಕ್ಕನದು, ಆರ್ಡರು ಇವರದ್ದು.

ಮಾರ್ಚ್ ೨೬, ಸಂಜೆ ೪.೫೦
ಡೈರಿ ಆಫೀಸಿಗೇ ತಂದಿದ್ದೇನೆ, ಮನೆಯವರೆಗೂ ತಡೆಯಲಾರೆ. ಐದಕ್ಕೆ ಆರ್ಡರಿಗೆ ಸಹಿ. ಸಾಹೇಬರು ತಾವೇ ಬರೆದುಕೊಟ್ಟರು — ಒಪ್ಪಿದ್ದು ಕುರ್ಚಿಗೆ, ವರ್ಗಾವಣೆ ಈಯಮ್ಮನದು ಎಂದು. ಅವರನ್ನು ಲಾಗೌಟ್ ಮಾಡಿಸಿ, ನನ್ನ ವಿಳಾಸ ಅಕ್ಷರ ಅಕ್ಷರ ನೋಡಿ, ಆ ಪತ್ರ ಮೂರೂವರೆಗೇ ಕಳಿಸಿದೆ.

೪.೫೬
ಬಂತು. ಈ ಸಲ ನನಗೇ ಬಂತು.
"ಪತ್ರ ಪರಿಶೀಲಿಸಲಾಗಿದೆ. ಕುರ್ಚಿ ಮಂಜೂರು. ಒಪ್ಪಿಗೆ ತಿಳಿಸಿ."
ಇನ್ನು ರಿಪ್ಲೈ ಒತ್ತುವವಳಲ್ಲ. ಎಡಗೈಯಲ್ಲಿ ಫೋನ್, ಮುಖ್ಯ ಕಚೇರಿಯಲ್ಲಿ ರಿಂಗ್ ಆಗುತ್ತಿದೆ. ಆರನೇ ರಿಂಗು... ಎತ್ತಿದರು —