ತಾಲೀಮಿನಲ್ಲಿ ಪೈಲ್ವಾನರಿಲ್ಲ

ಮಖ್ತಲ್,
೧೨ ಮಾರ್ಚ್ ೨೦೧೯

ಅಕ್ಕರೆಯ ತಂಗಿ ವಿಜಯಶ್ರೀ,

ಪುಣೆಯ ಬಿಸಿಲು ನಿಮ್ಮಿಬ್ಬರನ್ನೂ ಹೇಗಿಟ್ಟಿದೆ? ನಿನ್ನ ಕೆಮ್ಮು ಹೋಯಿತೇ? ಸಿಮೆಂಟು ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊ. ನಿನ್ನ ಫೋನು ನಿನ್ನೆಯಿಂದ ಹತ್ತುತ್ತಿಲ್ಲ; ನಿಮ್ಮ ಸೈಟಿಗೇ ಹೊರಟಿರುವ ಮಾರ್ಕಂಡೇಯನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಇಲ್ಲಿ ರಾಜ್ಯ ಹೊಸದು, ಹೋದ ತಿಂಗಳಿಂದ ಜಿಲ್ಲೆಯೂ ಹೊಸದು. ರಸ್ತೆಯ ಗುಂಡಿಗಳಷ್ಟೇ ಹಳೆಯವು.

ನಿನ್ನ ಮಗಳು ಕಾವ್ಯಳ ಮೈಬಾವು ಇಳಿದಿದೆ. ಮೂತ್ರಪಿಂಡದ ಕಾಯಿಲೆಗೆ ಕೊಟ್ಟ ಸ್ಟೆರಾಯ್ಡ್ ಗುಳಿಗೆ ಕೆಲಸ ಮಾಡಿದೆ. ಮುಖ ಮಾತ್ರ ಉಬ್ಬಿದ ಪೂರಿ. "ಮಾಮಾ, ಇನ್ನೊಂದ್ ರೊಟ್ಟಿ" ಎಂಬುದೇ ಜಪ. ಆದರೆ ರಾಯಚೂರಿನ ಡಾಕ್ಟರು ಎಚ್ಚರಿಸಿದ್ದರಲ್ಲ: ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ, ರೋಗದೊಡನೆ ಕಾದಾಡುವ ಟಿ ಕಣಗಳು ಅಲ್ಲಿ ಪಳಗುತ್ತವೆ. ಗುಳಿಗೆ ಆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಗುಳಿಗೆ ಮುಗಿದ ಮೇಲೆ ಅದು ಚೇತರಿಸಿಕೊಂಡೀತು. ಅಲ್ಲಿಯವರೆಗೆ ಸೋಂಕು ತಗಲಬಾರದು, ಹೆದರಿ ಗುಳಿಗೆಯನ್ನು ಥಟ್ಟನೆ ನಿಲ್ಲಿಸಲೂಬಾರದು. ಮನೆಯವರಿಗೆ ತಿಳಿಯಲೆಂದು ಅದನ್ನು ಕುಸ್ತಿಯ ತಾಲೀಮಿಗೆ ಹೋಲಿಸಿ ನಾನು ಪ್ರಾಸ ಕಟ್ಟಿದೆ: "ಎದೆಯೊಳಗೊಂದು ತಾಲೀಮ್ ಖಾನೆ, ಗುಳಿಗೆ ನುಂಗಿದರೆ ಪೈಲ್ವಾನ್ ಕಾಣೆ." ಕಾವ್ಯ ನಕ್ಕಳು. ಅವ್ವ ನಗಲಿಲ್ಲ.

ಅವ್ವನಿಗೆ ಅದು ಚೆನ್ನಾಗಿಯೇ ತಿಳಿದಿತ್ತು, ಅದೇ ಆಪತ್ತಾಯಿತು. ಪಕ್ಕದ ಕುರುಮಮ್ಮನ ಮೊಮ್ಮಗನಿಗೆ ತಾಯಿ ಬಂದಿದ್ದಳು. ಮೈತುಂಬ ನೀರುಗುಳ್ಳೆ, ಬೇವಿನ ಸೊಪ್ಪಿನ ಹಾಸಿಗೆ. ಡಾಕ್ಟರು ಚಿಕನ್‌ಪಾಕ್ಸ್ ಅನ್ನುತ್ತಾರೆ. ನಮ್ಮ ಓಣಿಗೆ ಅವಳು ಮನೆಗೆ ಬಂದ ದೇವತೆ. ನಾನು ಅಂಗಡಿಯಲ್ಲಿದ್ದಾಗ ಅವ್ವ ಕಾವ್ಯಳನ್ನು ಕರೆದೊಯ್ದು, ಆ ಹುಡುಗನ ಮಗ್ಗುಲಲ್ಲೇ ಕೂರಿಸಿ, ತಾಯಿಗೆ ಎಡೆಯಿಟ್ಟ ಮೊಸರನ್ನ ಉಣ್ಣಿಸಿದ್ದಾಳೆ. ಇದಾಗಿ ಎರಡು ವಾರ. ಕಾವ್ಯ ಬಾಯಿಬಿಟ್ಟದ್ದು ನಿನ್ನೆ. ನಾನು ಅವ್ವನ ಮೇಲೆ ಕೂಗಾಡಿದೆ. "ಪೈಲ್ವಾನ್ರು ಇಲ್ಲಂತ ನೀನ ಹೇಳಿದೆಲ್ಲೋ. ಕಾವಲಿಲ್ಲದ ಕೂಸನ್ನ ತಾಯಿ ಉಡಿಯಾಗ ಹಾಕದ ಇನ್ನೆಲ್ಲಿ ಹಾಕ್ಲಿ?" ಎಂದಳು.

ಡಾಕ್ಟರಿಗೆ ಫೋನು ಮಾಡಿದೆ. ನಾಳೆ ಬೆಳಿಗ್ಗೆಯೇ ಕರೆತರಬೇಕಂತೆ. ಅದಕ್ಕೆ ಮೊದಲೇ ಗುಳ್ಳೆ ಕಂಡರೆ ಬೆಳಗಿನ ದಾರಿ ಕಾಯಕೂಡದಂತೆ. ಸೊಳ್ಳೆ ಕಚ್ಚಿದ ಗುರುತು ಕಂಡರೂ ಕಾವ್ಯಳನ್ನು ದೀಪದ ಕೆಳಗೆ ಕರೆದು ನೋಡುತ್ತೇನೆ. "ಮಾಮಾ, ಪೈಲ್ವಾನ್ರು ಯಾವಾಗ ಬರ್ತಾರ?" ಎಂದು ಕೇಳುತ್ತಾಳೆ. ರಜೆ ಹಾಕಿದ್ದಾರೆ ಎಂದೆ. ನಂಬಿದಂತೆ ಕಾಣಲಿಲ್ಲ.

ನಿನ್ನ ಯಜಮಾನ ಎಂಕಪ್ಪನವರಿಗೆ ನಮಸ್ಕಾರ. ಅವ್ವನ ಆಶೀರ್ವಾದ ನಿಮ್ಮಿಬ್ಬರ ಮೇಲಿದೆ. ಕಾವ್ಯಳ ಮೇಲೆ ತುಸು ಹೆಚ್ಚೇ ಆಯಿತು.

ನಿನ್ನ ಅಣ್ಣ,
ಕಾಂತೇಶ

ತಾ.ಕ.: ಮಾರ್ಕಂಡೇಯ ಬಾಗಿಲಲ್ಲೇ ನಿಂತಿದ್ದಾನೆ. ಈಗ ಜಡೆ ಹಾಕುವಾಗ ಕಾವ್ಯಳ ಕಿವಿಯ ಹಿಂದೆ ನೀರು ತುಂಬಿದ ಒಂದು ಗುಳ್ಳೆ ಸಿಕ್ಕಿತು. ಆಸ್ಪತ್ರೆಗೆ ಹೋಗಲು ಆಟೋ ಬಂದಿದೆ. ಅವ್ವ ಬೇವಿನ ಸೊಪ್ಪು ಹಿಡಿದು ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದಾಳೆ. ನೀನು ಕೂಡಲೇ ಹೊರಡು, ಮಖ್ತಲಿಗೆ ಬರಬೇಡ. ರಾಯಚೂರಿನಲ್ಲೇ ಇಳಿ.