ಹಿಂಜಿಹೋದ ಬೆಟ್ಟಗಳು

ದಾವಣಗೆರೆ
9 ನವೆಂಬರ್ 2025

ನನ್ನ ಬಂಗಾರ ಸಬಾ,

ನಿನ್ನ ಕೆಮ್ಮು ಹೇಗಿದೆ? ಕಾರವಾರದ ಗಾಳಿ ಒಗ್ಗಿತೇ? ಸಮುದ್ರದ ಪಕ್ಕದ ಶಾಲೆ ಎಂದು ಹೊತ್ತಿಲ್ಲದ ಹೊತ್ತಿನಲ್ಲಿ ದಂಡೆಯ ಮೇಲೆ ಅಲೆಯಬೇಡ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಪಿ.ಜೆ. ಬಡಾವಣೆಯ ಡಾಕ್ಟರು ಕನ್ನಡಕ ಕೊಟ್ಟಿದ್ದಾರೆ. ಎರಡು ವರ್ಷ ಮೊದಲೇ ಹಾಕಿಕೊಂಡಿದ್ದರೆ ಈ ಕಾಗದವೇ ಬೇಕಾಗುತ್ತಿರಲಿಲ್ಲ.

ಇಮ್ರಾನನ ನಿಕಾಹ್ ಮುಂದಿನ ತಿಂಗಳು. ನೀನು ತಮ್ಮನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. "ಅಕ್ಕ ಬರ್ಲಿಲ್ಲಂದ್ರೆ ನಂಗೆ ನಿಕಾಹೇ ಬ್ಯಾಡ" ಎಂದು ಹಟ ಹಿಡಿದು ಕೂತಿದ್ದಾನೆ. ಫೋನಿನಲ್ಲಿ ಕೇಳಿದರೆ ನೀನು "ಅವನ ಹೆಸರೆತ್ತಬ್ಯಾಡ ಅಮ್ಮೀ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕಾಗದವನ್ನಾದರೂ ಪೂರ್ತಿ ಓದುತ್ತೀಯ.

ಆ ನಕ್ಷೆಯ ಮಾತು. ಹರಿಹರದ ಕಾಲೇಜಿನ ಸಂದರ್ಶನದಲ್ಲಿ ಪಾಠ ಮಾಡಿ ತೋರಿಸಲು ನಾವಿಬ್ಬರೂ ಇಪ್ಪತ್ತು ದಿನ ಕೂತು ಹೊಲಿದ, ರಷ್ಯಾದ ಕಡಲಂಚಿನ ಕಮ್ಚಾಟ್ಕಾ. ಕಡಲಿಗೆ ನೀಲಿ ಪಾಪ್ಲಿನ್, ಬೆಟ್ಟಗಳ ಹೊಟ್ಟೆಗೆ ಹತ್ತಿ, ಜ್ವಾಲಾಮುಖಿಯ ಬಾಯಿಗೆ ನಾನು ಹಾಸಿಗೆಗೆ ಹಾಕುವಂಥದೇ ಗಂಟುಹೊಲಿಗೆ. "ಕಡಲತಳ ನೆಲದ ಅಡಿಗೆ ಜಾರ್ತೈತೆ ಅಮ್ಮೀ, ಅದಕ್ಕೇ ದಂಡೆ ಉದ್ದಕ್ಕೂ ಬೆಂಕಿಬೆಟ್ಟ ಸಾಲಾಗಿ ನಿಂತಾವೆ" ಎಂದು ನೀನು ಹೇಳುತ್ತಿದ್ದರೆ ಕಡಲನ್ನೇ ಕಾಣದ ನನಗೂ ತಿಳಿಯುತ್ತಿತ್ತು. ಕಡಲ ಕಡೆಯ ಇಳಿಜಾರಿಗೆ ಹಿಮ ಜಾಸ್ತಿ ಎಂದು ನೀನು ಅಲ್ಲಿ ಬಿಳಿ ದಾರ ಒತ್ತಾಗಿ ಹಾಕಿಸಿದ್ದೆ. ಎಷ್ಟು ಕಾಟ ಕೊಟ್ಟಿದ್ದೆ ನನಗೆ!

ಭಾರವೆಂದು ನಕ್ಷೆಯನ್ನು ಇಲ್ಲೇ ಬಿಟ್ಟು ನೀನು ಹಿಂದಿನ ದಿನವೇ ಹರಿಹರಕ್ಕೆ ಹೋಗಿದ್ದೆ. ಮರುದಿನ ಇಮ್ರಾನ್ ಅದನ್ನು ತರುವಾಗ ಬಸ್ಸಿನಲ್ಲಿ ಬಿಟ್ಟನೆಂದು ಇಂದಿಗೂ ನಂಬಿದ್ದೀಯ. ಇಲ್ಲ ಮಗಳೇ, ಅದು ಮನೆಯನ್ನೇ ಬಿಟ್ಟಿರಲಿಲ್ಲ. ಒಳಮೈ ಹೊರಗಾಗಿ ಮಡಚಿಟ್ಟಿದ್ದೆವಲ್ಲ, ಅದರ ಪಕ್ಕದಲ್ಲೇ ಕುಕ್ಕುವಾಡದ ಓಬವ್ವ ಹಿಂಜಲು ಕೊಟ್ಟ ಹಳೇ ಹಾಸಿಗೆಗಳ ರಾಶಿಯಿತ್ತು. ಬೆಳಿಗ್ಗೆ ಮಂಜುಗಣ್ಣಿನಲ್ಲಿ ಕೈಯಾಡಿಸಿದೆ, ಗಂಟುಗಂಟಾಗಿ ಸಿಕ್ಕಿತು. ಗಂಟು ಹತ್ತಿ ಸಿಕ್ಕರೆ ಹಿಂಜುವುದೊಂದೇ ಈ ಕೈಗೆ ಗೊತ್ತು. ಹೊಲಿಗೆ ಬಿಚ್ಚಿ, ಹತ್ತಿ ಕಿತ್ತು ಹಿಂಜುವ ಮೆಷಿನ್ನಿಗೆ ಹಾಕಿಬಿಟ್ಟೆ. ಬಟ್ಟೆಯ ನೀಲಿ ಬಣ್ಣ ಕಣ್ಣಿಗೆ ಬಿದ್ದಾಗ ಒಂದು ಬೆಟ್ಟವೂ ಉಳಿದಿರಲಿಲ್ಲ. ನೀನು ಬರಿಗೈಯಲ್ಲಿ ಪಾಠ ಮಾಡಿದೆ, ಕೆಲಸ ಬೇರೆಯವರ ಪಾಲಾಯಿತು, ಮನೆಗೆ ಬಂದು ಎಲ್ಲರೆದುರು ತಮ್ಮನ ಕೆನ್ನೆಗೆ ಹೊಡೆದೆ. ನಾನು ಅಲ್ಲೇ ನಿಂತಿದ್ದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬೈ, ಎಷ್ಟು ಬೇಕಾದರೂ ಬೈ, ಆದರೆ ಬಂದು ಬೈ. ನಸೀಮಾ ಚಿಕ್ಕಮ್ಮ ಸಲಾಂ ಹೇಳಿದ್ದಾಳೆ. ಅಲ್ಲಾಹ್ ನಿನ್ನನ್ನು ನೆಮ್ಮದಿಯಾಗಿಡಲಿ.

ನಿನ್ನ ತಪ್ಪಿತಸ್ಥ ಅಮ್ಮಿ,
ಇಮಾಂಬೀ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಅರ್ಧ ನಿಜವನ್ನಷ್ಟೇ ಬರೆದಿದ್ದೆ. ಅವತ್ತು ನಾನು ಮೆಷಿನ್ ಮುಂದೆ ಕೂತಿದ್ದಾಗ ಇಮ್ರಾನ್ ಬಂದು ಆ ನೀಲಿ ಬಟ್ಟೆ ನೋಡಿದ. "ಅಕ್ಕಂಗೆ ಹೇಳಬ್ಯಾಡ ಅಮ್ಮೀ. ನಿನ್ ಮ್ಯಾಲೆ ಸಿಟ್ಟಾದ್ರೆ ಈ ಮನಿಗೆ ಬರಾದೇ ಬಿಡ್ತಾಳೆ. ನಾನೇ ಬಸ್ನಾಗೆ ಬಿಟ್ಟೆ ಅಂತೀನಿ" ಅಂದ. ನಾನು ಬೇಡ ಅನ್ನಲಿಲ್ಲ.