ಅಮ್ಮನ ದನಿಯ ಅಳತೆಯ ಕೋಣೆ

ಮಂಗಳವಾರ, ಮಧ್ಯಾಹ್ನ

ಮನೆಯ ಹೆಡ್ ಆಫೀಸೂ, ನನ್ನ ಕಿವಿ ಹಿಂಡುವ ಏಕೈಕ ಹಕ್ಕುದಾರಳೂ ಆದ ಅಕ್ಕನ ಸನ್ನಿಧಾನಕ್ಕೆ, ತಮ್ಮನ ಉದ್ದಂಡ ನಮಸ್ಕಾರಗಳು.

ತಾವು ಫೋನಿನಲ್ಲೇ ನೋಡಿ, ಫೋನಿನಲ್ಲೇ ಮೆಚ್ಚಿ, ಆಸ್ಪತ್ರೆಯ ಎದುರಿಗೇ ಗೊತ್ತುಮಾಡಿದ್ದ ಕೋಣೆಯನ್ನು ನಾವು ಬಿಟ್ಟಿದ್ದೇವೆ ಎಂದು ತಿಳಿಸಲು ಅತೀವ ವಿಷಾದವಾಗುತ್ತದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ‘ಹಲೋ’ ಅನ್ನುವಷ್ಟರಲ್ಲಿ ನಿನ್ನ ತೀರ್ಪು ಬಂದಿರುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕುವಂತಿಲ್ಲ. ಹಾಗಾಗಿ ಕೂತು, ನೀರು ಕುಡಿದು, ಪೂರ್ತಿ ಓದತಕ್ಕದ್ದು.

ಮೊದಲಿಗೆ ಅಮ್ಮನ ವಿಷಯ. ಆಪರೇಶನ್ನಿನ ಗಾಯ ಒಣಗಿದೆ. ಇನ್ನು ದಿನಾ ಒಂದು ಸಲ ಗಂಟಲಿಗೆ ರೇಡಿಯೇಶನ್ ಕೊಡುತ್ತಾರೆ, ವಾರಗಟ್ಟಲೆ. ಅದು ಮುಗಿಯುವವರೆಗೆ ದನಿ ಜೋರು ಮಾಡಲೇಬಾರದು, ಇರುವ ಚೂರು ದನಿಯನ್ನೂ ಜೋಪಾನವಾಗಿ ಬಳಸಬೇಕು ಎಂದು ಡಾಕ್ಟರು ಅಪ್ಪಣೆ ಮಾಡಿದ್ದಾರೆ. ಅಕ್ಕ, ಇದು ಯಾರ ದನಿ ಯೋಚಿಸು. ನಮ್ಮ ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಓಡುವಾಗ ಆ ಗದ್ದಲವನ್ನೂ ಸೀಳಿಕೊಂಡು ಅಪ್ಪನ ಕಿವಿ ಮುಟ್ಟುತ್ತಿದ್ದುದು ಅದೊಂದೇ. ಗಿರಾಕಿಗಳು ಅಪ್ಪನಿಗೆ ಏನಾದರೂ ಹೇಳಬೇಕಿದ್ದರೆ ಅಮ್ಮನಿಗೆ ಹೇಳುತ್ತಿದ್ದರು. ಈಗ ಆ ದನಿ ಚೀಲದಿಂದ ಹಿಟ್ಟು ಸೋರಿದಷ್ಟು ಸದ್ದು ಮಾಡುತ್ತದೆ. ಅಪ್ಪನ ಕಿವಿಯೋ, ನಿನಗೆ ಗೊತ್ತೇ ಇದೆ. ಗಿರಣಿ ಅದನ್ನು ಅರ್ಧ ಬೀಸಿ ಮುಗಿಸಿದೆ.

ಕೈಸನ್ನೆ ಇದೆಯಲ್ಲ ಅಂತೀಯ. ಗಿರಣಿಯ ಕೈಸನ್ನೆ ಎಷ್ಟು? ಸುರಿ, ನಿಲ್ಲಿಸು, ನಯ, ತರಿ. ಇಷ್ಟರಲ್ಲಿ ‘ಗಂಟಲು ಉರೀತಿದೆ, ಸ್ವಲ್ಪ ಹತ್ತಿರ ಕೂತ್ಕೊಳ್ಳಿ’ ಅನ್ನುವುದು ಹೇಗೆ? ಬರೆದು ತೋರಿಸಿದರೆ, ಅಪ್ಪ ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅಮ್ಮನ ಸಿಟ್ಟು ಆರಿ ತಣ್ಣಗಾಗಿರುತ್ತದೆ.

ಹೋದ ವಾರವೆಲ್ಲ ವಾರ್ಡಿನಲ್ಲಿ ಅಮ್ಮ ಏನೋ ಹೇಳುವುದು, ಅಪ್ಪ ‘ಆಂ?’ ಅನ್ನುವುದು, ಅಮ್ಮ ‘ಏನಿಲ್ಲ ಬಿಡಿ’ ಎಂದು ಗೋಡೆಗೆ ತಿರುಗುವುದು. ನಿನ್ನೆ ಅವಳು ‘ಏನಿಲ್ಲ ಬಿಡಿ’ಯನ್ನೂ ಬಿಟ್ಟಳು. ನನಗೆ ಹೆದರಿಕೆಯಾಗಿದ್ದು ಅವಾಗಲೇ.

ಆದ್ದರಿಂದ ತಮ್ಮ ತಮ್ಮನು ಕೋಣೆ ಪರೀಕ್ಷೆಗೆ ಒಂದು ಶಾಸ್ತ್ರೀಯ ವಿಧಾನವನ್ನು ಕಂಡುಹಿಡಿದನು. ಅಪ್ಪ ಕಿಟಕಿಯ ಹತ್ತಿರ ನಿಲ್ಲುವುದು. ನಾನು ಒಲೆಯ ಮೂಲೆಯಲ್ಲಿ ನಿಂತು, ಅಮ್ಮನ ಈಗಿನ ದನಿಯಷ್ಟೇ ದನಿಯಲ್ಲಿ, ಅಪ್ಪನನ್ನು ಬೈಯುವುದು. ಎಲ್ಲಿ ನನಗೆ ಏಟು ಬೀಳುತ್ತದೋ ಅದೇ ನಮ್ಮ ಕೋಣೆ.

ಮೊದಲು ನೀನು ಗೊತ್ತುಮಾಡಿದ್ದು. ಲಿಫ್ಟು, ಬಿಸಿನೀರು, ಮೆತ್ತನೆ ಮಂಚ, ಎಲ್ಲ ಸರಿ. ಕಿಟಕಿಯ ಕೆಳಗೆ ಜನರೇಟರು, ಅದರಾಚೆ ಆಂಬುಲೆನ್ಸುಗಳ ಸಾಲು. ‘ಅಪ್ಪ ಸಿನಿಮಾ ನೋಡ್ತಾ ಅತ್ತಿದ್ದನ್ನ ನಾನು ನೋಡಿದ್ದೀನಿ’ ಅಂದೆ. ಅಪ್ಪ ನಲ್ಲಿ ತಿರುಗಿಸಿ, ‘ನೀರು ಚೆನ್ನಾಗಿ ಬರುತ್ತೆ ಕಣೋ!’ ಅಂದರು.

ಎರಡನೆಯದು ಆಸ್ಪತ್ರೆಯವರದೇ ಅತಿಥಿಗೃಹ. ಎದೆಮಟ್ಟದ ಹಲಗೆಯ ಗೋಡೆಗಳು, ಮೇಲೆ ಗಡಗಡಿಸುವ ಫ್ಯಾನು. ‘ಅಪ್ಪನ ಪ್ಯಾಂಟಿನ ಹಿಂದೆ ಹೊಲಿಗೆ ಬಿಟ್ಟಿದೆ’ ಅಂದೆ. ಅದು ನಿಜವೂ ಆಗಿತ್ತು. ಅಪ್ಪ ತಿರುಗಲಿಲ್ಲ. ಹಲಗೆಯಾಚೆಯ ಸಂಸಾರವೊಂದು ಮಾತ್ರ ಮಕ್ಕಳುಮರಿ ಸಮೇತ ಇಣುಕಿ ನೋಡಿತು. ಅಪ್ಪ ಅವರಿಗೆಲ್ಲ ಕೈಮುಗಿದು, ‘ಒಳ್ಳೇ ಜನ’ ಎಂದು ಮೆಚ್ಚಿಕೊಂಡರು.

ಮೂರನೆಯದು ಊರಾಚೆ, ಬಸ್ಸು ಹೊರಡುವ ಜಾಗದ ಹತ್ತಿರ, ಒಂದು ಮನೆಯ ಹಿಂಭಾಗ. ಅಷ್ಟರಲ್ಲಿ ವಾರ್ಡಿನಿಂದ ಬಿಡುಗಡೆಯಾಗಿದ್ದ ಅಮ್ಮನೂ ಬಂದಿದ್ದಳು. ಮನೆಯ ಯಜಮಾನರು ಬೇಕರಿಯಲ್ಲಿ ರಾತ್ರಿಪಾಳಿಯವರು, ಹಗಲೆಲ್ಲ ಮಲಗುತ್ತಾರಂತೆ. ಯಜಮಾನಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆಗೆದರು. ‘ಒಂದೇ ಕಂಡೀಶನ್ನು. ಸದ್ದು ಮಾಡಬಾರ್ದು.’

‘ನಾವು ಸದ್ದೇ ಮಾಡೋರಲ್ಲಮ್ಮಾ!’ ಅಂದರು ಅಪ್ಪ, ಗಿರಣಿಯ ದನಿಯಲ್ಲಿ. ಒಳಗಿನಿಂದ ಯಾರೋ ನರಳಿ ಮಗ್ಗುಲು ಬದಲಿಸಿದರು.

ನಾನು ಒಲೆಯ ಮೂಲೆಗೆ ಹೋಗಿ ನನ್ನ ಕರ್ತವ್ಯ ಮಾಡಿದೆ. ‘ಗಿರಣಿ ನಡೆಸೋದು ಅಮ್ಮ. ಅಪ್ಪ ಬರೀ ಬೆಲ್ಟು ಹಾಕೋಕೆ.’

‘ಯಾವನೋ ಅದು ಬರೀ ಬೆಲ್ಟು ಹಾಕೋನು?’

ಏಟು ಬಿತ್ತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಏಟು ತಿಂದಿಲ್ಲ. ಅಮ್ಮ ಸದ್ದಿಲ್ಲದೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ಆದರೆ ಆ ಕೂಗಿಗೆ ಯಜಮಾನಿ ಮುಖ ಗಂಟಿಕ್ಕಿದರು. ‘ತಪ್ಪು ತಿಳ್ಕೋಬೇಡಿ. ಇವರು ಹೀಗೆ ಮಾತಾಡಿದ್ರೆ ನಮ್ಮವರು ನಿದ್ದೆ ಮಾಡಿದ ಹಾಗೇ. ಬೇರೆ ಕಡೆ ನೋಡ್ಕೊಳ್ಳಿ.’ ನಾನು ಗೋಗರೆದೆ. ನಾಟಕವಲ್ಲ, ನಿಜವಾಗಲೂ. ಅವರು ಆಗದೆಂದು ತಲೆಯಾಡಿಸಿದರು. ಆಗ ಅಮ್ಮ ಅವರಿಗೆ ‘ಒಂದು ನಿಮಿಷ’ ಎಂದು ಬೆರಳು ತೋರಿಸಿ, ಅಪ್ಪನ ತೋಳು ಹಿಡಿದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಬಂದ ಅಪ್ಪ ಯಜಮಾನಿಯ ಮುಂದೆ ಬಗ್ಗಿ, ‘ಚಪ್ಪಲಿ ಎಲ್ಲಿ ಬಿಡೋದಮ್ಮ?’ ಎಂದು ಕೇಳಿದರು. ಎಷ್ಟು ಮೆಲ್ಲಗೆಂದರೆ, ಆಕೆಯೇ ‘ಆಂ?’ ಅಂದರು. ಕೋಣೆ ನಮ್ಮದಾಯಿತು. ಒಳಗೆ ಏನು ನಡೆಯಿತೋ ನನಗೆ ಗೊತ್ತಿಲ್ಲ.

ದೂರ ಅಂತ ಬೈಯಬೇಡ. ರೇಡಿಯೇಶನ್ನಿನ ಮೇಜಿನ ಮೇಲೆ ಅಮ್ಮ ಮಲಗುವುದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಮಿಕ್ಕ ದಿನವೆಲ್ಲ ಕೋಣೆಯಲ್ಲೇ ತಾನೇ? ಬಸ್ಸು ಇಲ್ಲಿಂದಲೇ ಹೊರಡುವುದರಿಂದ ಕೂರಲು ಜಾಗ ಖಾತ್ರಿ. ಅವಳು ಸುಸ್ತಾದ ದಿನ ಆಟೋ ಹಿಡಿಯುತ್ತೇನೆ. ಅದರ ಹೊಣೆ ನನ್ನದು.

ಗಿರಣಿ ನೋಡಿಕೊಳ್ಳುತ್ತಿರುವ ಭಾವನಿಗೆ ನನ್ನ ಸಂತಾಪಗಳನ್ನು ತಿಳಿಸು.

ಇಂತಿ,
ನಿನ್ನ ಆಜ್ಞೆಯನ್ನು ಮೀರಿದ, ಆದರೂ ವಿಧೇಯ,
ತಮ್ಮ

ತಾಜಾ ಕಲಮು: ಒಳಗೆ ಏನು ನಡೆಯಿತೆಂದು ಗೊತ್ತಿಲ್ಲ ಎಂದೆನಲ್ಲ, ಸುಳ್ಳು. ಆ ಕೋಣೆಯಲ್ಲಿ ಆಡಿದ್ದೆಲ್ಲ ಆಚೆಗೂ ಕೇಳುತ್ತದೆ. ದನಿ ಪೂರ್ತಿ ವಾಪಸು ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ ಅಕ್ಕ. ಇದನ್ನು ಮೇಲೆ ಬರೆಯಲು ಕೈ ಓಡಲಿಲ್ಲ. ಅಮ್ಮ ಅಪ್ಪನನ್ನು ಕೇಳಿದ್ದೂ ಅದನ್ನೇ. ‘ಇಷ್ಟೇ ಉಳಿದ್ರೆ ಏನ್ರೀ ಮಾಡೋದು?’ ಆಮೇಲೆ ಅಪ್ಪ ಏನೋ ಅಂದರು. ಅಪ್ಪನ ಮಾತು ಕೇಳಿಸಿಕೊಳ್ಳಲು ನಾನು ಬಾಗಿಲಿಗೆ ಕಿವಿ ಹಚ್ಚಬೇಕಾಗಿ ಬಂದದ್ದು ಹುಟ್ಟಿದ ಮೇಲೆ ಇದೇ ಮೊದಲು.

‘ಇಷ್ಟು ಸಾಕು ಕಣೇ’ ಅಂದರು. ‘ಕೇಳಿಸ್ತಲ್ಲ.’